ಷಡ್ಡಕನ ಅಂಚೆ

ಮಾವನ ಕೋಣೆಗೆ ಅಂಟಿಕೊಂಡಿದ್ದ ಕಿಟಕಿ ಪಕ್ಕದ ಮೇಜನ್ನು ಚಿಕ್ಕಳಿಯನಿಗೆ ಕೊಟ್ಟ ದಿನವೇ ದೊಡ್ಡಳಿಯ ಕಳ್ಳನಾಗಲು ತೀರ್ಮಾನಿಸಿದ. ಅಲ್ಲಿಯವರೆಗೆ ಅವನು ತಾನಾಯಿತು, ತನ್ನ ಪಾಡಾಯಿತು ಎಂದಿದ್ದವನು.

ಮಾವನದು ಬೀಗ ತಯಾರಿಸುವ ಕಾರ್ಖಾನೆ. ‘ಇಲ್ಲಿ ಮಾಡೋದೂ ಬೀಗ, ಮೆರೆಯೋರೂ ಬೀಗರೇ’ ಎಂದು ಕೆಲಸಗಾರರು ಬೆನ್ನ ಹಿಂದೆ ನಗುತ್ತಿದ್ದರು. ಕಂಪ್ಯೂಟರು, ಫೋನು, ಪ್ರಿಂಟರು ಎಲ್ಲ ದೊಡ್ಡಳಿಯನ ಸುಪರ್ದಿಯಲ್ಲಿದ್ದವು. ಏನಾದರೂ ಕೆಟ್ಟರೆ ಅವನನ್ನು ಕರೆಯುತ್ತಿದ್ದರು. ಎಲ್ಲ ಸರಿಯಿದ್ದಾಗ ಅವನೊಬ್ಬನಿದ್ದಾನೆ ಎಂಬುದೂ ಯಾರಿಗೂ ನೆನಪಿರುತ್ತಿರಲಿಲ್ಲ. ಚಿಕ್ಕಳಿಯನೋ ಮೊನ್ನೆ ಮೊನ್ನೆ ಬಂದವನು. ನಕ್ಕರೆ ಮಾವನೂ ನಗುತ್ತಿದ್ದರು.

“ನಂಗೂ ಸಾಕಾಗಿದೆ,” ಎಂದಿದ್ದರು ಮಾವ. “ಇಬ್ರೂ ಒಂದೊಂದು ಹೊಸ ಬೀಗದ ನಕ್ಷೆ ಮಾಡಿ. ಯಾರದ್ದು ಗಟ್ಟಿಯೋ ಅವರು ನನ್ನ ಕುರ್ಚೀಲಿ ಕೂತ್ಕೊಳ್ಳಿ.”

ದೊಡ್ಡಳಿಯನ ಹಾಳೆ ಬಿಳಿಯಾಗಿಯೇ ಉಳಿಯಿತು. ಚಿಕ್ಕಳಿಯ ಮಾತ್ರ ಯಾವುದೋ ದೂರದ ಸ್ಪ್ರಿಂಗ್ ತಯಾರಕನಿಗೆ ಮೇಲ್ ಮೇಲೆ ಮೇಲ್ ಬರೆಯುತ್ತಿದ್ದ. ಹೀಗಿರುವಾಗ ಒಂದು ಬೆಳಿಗ್ಗೆ ಅವನೇ ಬಂದು ನಿಂತ.

“ಅಣ್ಣ, ಹೊಸ ಫೋನಲ್ಲಿ ಮೇಲ್ ಬರ್ತಿಲ್ಲ. ಸ್ವಲ್ಪ ನೋಡ್ತೀರಾ?”

“ಪಾಸ್‌ವರ್ಡ್?”

ಚಿಕ್ಕಳಿಯ ಕೆಂಪಾಗಿ, ತನ್ನ ಹೆಂಡತಿಯ ಮುದ್ದಿನ ಹೆಸರನ್ನು ಪಿಸುಗುಟ್ಟಿದ. ಬೀಗದ ಮನೆಯ ಅಳಿಯನಿಗೆ ಇಷ್ಟು ಸಡಿಲ ಬೀಗವೇ! ಇಂಥವನಿಂದ ಕದಿಯದಿರುವುದೇ ತಪ್ಪು ಎನಿಸಿತು ದೊಡ್ಡಳಿಯನಿಗೆ.

ಅವಸರ ಅವನ ಜಾಯಮಾನವಲ್ಲ. ಷಡ್ಡಕನ ಹೆಸರಿನಲ್ಲಿ ನೇರವಾಗಿ ಒಳಹೊಕ್ಕು ಓದುವುದು ಗೋಡೆ ಹಾರುವವರ ಕೆಲಸ. ಓದಿದ ಗುರುತು ಉಳಿಯುತ್ತದೆ. ಅವನು ಉಗ್ರಾಣದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರನ್ನು ಎಬ್ಬಿಸಿದ. ದೂರದ ಸರ್ವರ್‌ಗಳಿಂದ ಮೇಲ್ ತಂದುಕೊಡುವ ಸಣ್ಣ ಪ್ರೋಗ್ರಾಮೊಂದನ್ನು ಅದರಲ್ಲಿ ಕೂರಿಸಿದ. ಅದಕ್ಕೆ ಹೇಳಬೇಕಾದದ್ದನ್ನು ಹೊಸ ಆಳಿಗೆ ಹೇಳುವಂತೆ ಬಿಡಿಸಿ ಹೇಳಿದ: ಯಾವ ಸರ್ವರಿಗೆ ಹೋಗಬೇಕು, ಯಾರ ಹೆಸರು ಹೇಳಿ ಬಾಗಿಲು ತಟ್ಟಬೇಕು, ಎಷ್ಟು ಹೊತ್ತಿಗೊಮ್ಮೆ ಹೋಗಿಬರಬೇಕು. ಇಂಥ ಪ್ರೋಗ್ರಾಮುಗಳಿಗೆ ತಂದ ಮೇಲೆ ಅಸಲನ್ನು ಅಳಿಸಿಬಿಡುವ ಚಾಳಿಯಿರುತ್ತದೆ. ಅರ್ಧಂಬರ್ಧ ಬಲ್ಲವನು ಅಲ್ಲೇ ಸಿಕ್ಕಿಬೀಳುತ್ತಿದ್ದ. ದೊಡ್ಡಳಿಯ ‘ಅಸಲು ಅಲ್ಲೇ ಇರಲಿ’ ಎಂದು ಬರೆದು, ಮೂರು ಸಲ ಓದಿಕೊಂಡ. ‘ಓದಿದ ಗುರುತು ಹಾಕಬೇಡ’ ಎಂದೂ ಸೇರಿಸಿದ. ತಂದದ್ದೆಲ್ಲ ತನ್ನ ಇನ್‌ಬಾಕ್ಸ್‌ಗೆ ಬಂದು, ಅಲ್ಲಿಂದ ತಾನೇ ತಾನಾಗಿ ‘ಹಳೆಯ ಸುತ್ತೋಲೆಗಳು’ ಎಂಬ ಫೋಲ್ಡರಿಗೆ ಜಾರಬೇಕು. ಆ ಹೆಸರಿನ ಫೋಲ್ಡರನ್ನು ತೆರೆಯುವ ಮನುಷ್ಯ ಇನ್ನೂ ಹುಟ್ಟಿರಲಿಲ್ಲ.

ಪರೀಕ್ಷೆಗೆಂದು ಷಡ್ಡಕನಿಗೇ ಒಂದು ಮೇಲ್ ಕಳಿಸಿದ: ‘ಊಟಕ್ಕೆ ಹೊರಗೆ ಹೋಗೋಣವೇ?’ ಸ್ವಲ್ಪ ಹೊತ್ತಿಗೆ ಅದರ ನಕಲು ಸುತ್ತೋಲೆಗಳ ನಡುವೆ ಬಂದು ಕೂತಿತು. ಆಚೆ ಕಿಟಕಿಯ ಪಕ್ಕದಿಂದ ಚಿಕ್ಕಳಿಯ ಕೈಯೆತ್ತಿ ಕೂಗಿದ, “ನಡೀರಿ ಅಣ್ಣ, ಹಸಿವಾಗ್ತಿದೆ!” ಊಟದ ಬಿಲ್ಲನ್ನೂ ಅವನೇ ಕೊಟ್ಟ.

ಅಂದಿನಿಂದ ಅಂಚೆ ಹರಿದು ಬಂತು. ಅತ್ತೆ ಚಿಕ್ಕಳಿಯನಿಗೆ ನಗೆಹನಿಗಳನ್ನು ಕಳಿಸುತ್ತಿದ್ದರು. ದೊಡ್ಡಳಿಯನಿಗೆ ಇಷ್ಟು ವರ್ಷಗಳಲ್ಲಿ ಒಂದನ್ನೂ ಕಳಿಸಿರಲಿಲ್ಲ. ಅವನು ಅವನ್ನು ಓದಿ, ನಗದೆ, ಮುಂದಿನದಕ್ಕೆ ಹೋಗುತ್ತಿದ್ದ. ಕೊನೆಗೆ ಬೇಕಾದದ್ದು ಬಂತು, ಸ್ಪ್ರಿಂಗ್ ತಯಾರಕ ಅಳತೆ ತುಂಬಿ ಚಿಕ್ಕಳಿಯನಿಗೆ ಮರಳಿಸಿದ್ದು: ತಪ್ಪು ಕೀಲಿ ತೂರಿಸಿದರೆ ಆ ಕೀಲಿಯನ್ನೇ ಕಚ್ಚಿ ಹಿಡಿಯುವ ಬೀಗದ ಪೂರ್ತಿ ನಕ್ಷೆ. ಭಲೇ ಎನಿಸಿತು. ಚೌಕಾಕಾರವನ್ನು ದುಂಡಗೆ ಮಾಡಿ, ಸ್ಪ್ರಿಂಗಿನ ಜಾಗ ಬದಲಿಸಿ, ಷಡ್ಡಕನಿಗಿಂತ ಮೊದಲೇ ಮಾವನ ಮುಂದಿಟ್ಟ. ಇನ್ನು ಚಿಕ್ಕಳಿಯ ಏನು ತಂದರೂ ಅದು ನಕಲೇ. ಆ ರಂಪ ನಡೆಯುವಾಗ ತಾನು ಊರಲ್ಲಿರಬಾರದು ಎಂದು ಹೆಂಡತಿಯನ್ನು ಕರೆದುಕೊಂಡು ಸಮುದ್ರ ತೀರಕ್ಕೆ ಹೊರಟ.

“ಏನ್ರೀ ಇದು, ಕೇಳದೇನೇ ರಜ?” ಅವಳಿಗೆ ನಂಬಿಕೆಯೇ ಬರಲಿಲ್ಲ.

“ನೀನೂ ದಣಿದಿದ್ದೀಯ,” ಎಂದ.

ಎರಡನೆಯ ಸಂಜೆ ಅವಳು ಸೆರಗು ಸಿಕ್ಕಿಸಿಕೊಂಡು ಅಲೆಗಳಲ್ಲಿ ನಿಂತಿದ್ದಾಗ ಮಾವನ ಫೋನು ಬಂತು.

“ಅಳಿಯಂದ್ರೇ, ನಿಮ್ಮ ಷಡ್ಡಕ ನಿಮ್ಮ ಬೀಗಾನೇ ಚೌಕ ಮಾಡಿ ತಂದಿಟ್ಟಿದ್ದಾನೆ. ರೇಗಿಹೋಯ್ತು ನಂಗೆ. ಎದುರಿಗೆ ಬೈಯೋಕೆ ಬಾಯಿ ಬರ್ಲಿಲ್ಲ, ಮೇಲ್ ಹಾಕಿದೆ. ಕದ್ದು ಬದುಕೋನಿಗೆ ನಮ್ಮಲ್ಲಿ ಜಾಗ ಇಲ್ಲ, ನಾಳೆಯಿಂದ ಬರಬೇಡ ಅಂತ. ಅವನೊಬ್ಬನಿಗೇ ಬರೆದದ್ದು.”

ದೊಡ್ಡಳಿಯ ದನಿಯನ್ನು ತಗ್ಗಿಸಿಕೊಂಡ. ಈ ಮಾತನ್ನು ಅವನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹದ ಮಾಡಿಟ್ಟುಕೊಂಡಿದ್ದ. “ಹೋಗ್ಲಿ ಬಿಡಿ ಮಾವ. ಇನ್ನೂ ಹುಡುಗುಬುದ್ಧಿ. ಒಂದ್ಸಲ ಕ್ಷಮಿಸಿಬಿಡಿ.”

“ನಾನೂ ಹಾಗೇ ಅಂದ್ಕೊಳ್ತಿದ್ದೆ,” ಎಂದರು ಮಾವ. “ಆದ್ರೆ ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಅವನಿಂದಲ್ಲ.” ಆ ಕಡೆ ಕನ್ನಡಕ ಏರಿಸಿಕೊಂಡ ಸದ್ದಾಯಿತು. “ಸ್ಪ್ರಿಂಗ್‌ನವರಿಗೂ ಇದೇ ಬಂದಿದೆಯಂತೆ. ನಿಮ್ಮತ್ತೆಗೂ ಬಂದಿದೆ.”

ಊರು ಬಿಡುವ ಮುನ್ನ, ಶಿಸ್ತಿನ ನೌಕರನಂತೆ, ತನ್ನ ಮೇಲ್‌ಬಾಕ್ಸಿನಲ್ಲಿ ತಾನಾಗಿಯೇ ಹೋಗುವ ರಜೆಯ ಉತ್ತರವನ್ನು ಚಾಲೂ ಮಾಡಿ ಬಂದಿದ್ದ ದೊಡ್ಡಳಿಯ. ಬಂದ ಮೇಲ್ ಯಾರಿಗೆಂದು ಬರೆದದ್ದು ಎಂದು ಅದು ವಿಚಾರಿಸುವುದಿಲ್ಲ. ತನ್ನ ಇನ್‌ಬಾಕ್ಸ್‌ಗೆ ಬಿದ್ದದ್ದಕ್ಕೆಲ್ಲ ಬರೆದವರಿಗೆ ಮರ್ಯಾದೆಯಿಂದ ಉತ್ತರ ಕೊಡುತ್ತದೆ. ಮಾವ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಓದಿದರು: “ನೀವು ಬರೆದದ್ದು ನನಗೆ ತಲುಪಿದೆ. ಸದ್ಯ ರಜೆಯಲ್ಲಿದ್ದೇನೆ. ಬಂದ ಕೂಡಲೇ ತಕ್ಕ ಕ್ರಮ ಕೈಗೊಳ್ಳುತ್ತೇನೆ. ಇಂತಿ, ದೊಡ್ಡಳಿಯ.”