ಒಂಬತ್ತರ ಶೇಷ

"ಅಂಜಬ್ಯಾಡವ್ವಾ. ಮನಸ್ಸಿಗೆ ಬಂದ ದೊಡ್ಡ ಸಂಖ್ಯಾ ಬರಿ," ಎಂದು ರುಕ್ಮವ್ವ ಪಾಟಿ ಮುಂದೆ ಸರಿಸಿದಳು.

ಅದು ಎಂಬತ್ತೆಂಟನೇ ಇಸವಿ. ಹೆಣ್ಣು ನೋಡಲು ಏಕಸಂಬಿಗೆ ಬಂದಿದ್ದ ಐನಾಪುರದ ದ್ರಾಕ್ಷಿ ತೋಟದವರು ಇನ್ನೂ ಚಹಾ ಮುಟ್ಟಿರಲಿಲ್ಲ. ಗಿರಿಜಾ ನಿಪ್ಪಾಣಿ ಕಾಲೇಜಿನಲ್ಲಿ ಗಣಿತ ಓದಿದವಳು. ಆದರೂ ಎದುರಿಗೆ ಕುಳಿತ ವರ ಮುರಗೆಪ್ಪನ ಕಣ್ಣು ನೋಡಿದ ಮೇಲೆ ಒಂದು ಅಂಕಿಯೂ ಹೊಳೆಯುತ್ತಿರಲಿಲ್ಲ. ಅಯ್ಯೋ, ಅದೇನು ಕಣ್ಣು!

ಬರೆದಳು: 83,05,216.

"ತಿರುವಿ ಬರಿ. ದೊಡ್ಡದರಾಗ ಸಣ್ಣದು ಕಳಿ. ಒಂಬತ್ತರಿಂದ ಭಾಗಿಸು. ಶೇಷ ಉಳದ್ರ ಗಂಡ ಉಳಿತಾನ. ಉಳಿಲಿಲ್ಲಂದ್ರ..."

ಮುರಗೆಪ್ಪನನ್ನು ಸಾಕಿದ ದೊಡ್ಡವ್ವ ಈ ರುಕ್ಮವ್ವ; ಮಾತು ಮುಗಿಸಲಿಲ್ಲ. ಅವಳ ಬರಿಗೊರಳು, ಬರಿಹಣೆಯೇ ಉಳಿದದ್ದನ್ನು ಹೇಳಿದವು.

ತಿರುವಿದ್ದು 61,25,038. ಕಳೆದರೆ 21,80,178. ಭಾಗಿಸಿದಳು.

ಶೇಷ ಸೊನ್ನೆ!

ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಮುರಗೆಪ್ಪ ಎದ್ದು ನಿಂತ.

"ಬ್ಯಾಡ್ರಿ... ಈ ಸಂಬಂಧ ಬ್ಯಾಡ."

ತಿರುಗಿ ಕೂಡ ನೋಡದೆ ಹೊರಟೇಹೋದ. 'ಇಷ್ಟು ಪುಕ್ಕಲನಾ? ತನ್ನ ಜೀವದ ಮೇಲೆ ಇಷ್ಟು ಆಸೆಯಾ?' ಗಿರಿಜಾಳ ಕಣ್ಣು ತುಂಬಿತು.

ಅಂಜಿಕೆ ಎಂಥದ್ದು ನೋಡಿ, ಓದಿದ್ದನ್ನೆಲ್ಲ ನುಂಗಿಬಿಡುತ್ತದೆ! ಎಷ್ಟೋ ದಿನಗಳ ಮೇಲೆ, ಒಲೆಯ ಮುಂದೆ ಕುಳಿತವಳು ಬೂದಿಯಲ್ಲಿ ಬೇರೊಂದು ಸಂಖ್ಯೆ ಬರೆದು ಅದೇ ಲೆಕ್ಕ ಮಾಡಿ ನೋಡಿದಳು. ಸೊನ್ನೆ. ಮತ್ತೊಂದು. ಅದೂ ಸೊನ್ನೆ. ಆಮೇಲೆ ತಟ್ಟನೆ ಹೊಳೆಯಿತು.

ಅಪ್ಪನನ್ನು ಕರೆದುಕೊಂಡು ಐನಾಪುರದ ಬಸ್ಸು ಹತ್ತಿದಳು.

"ಅವ್ವಾರ, ನೀವೊಂದು ಸಂಖ್ಯಾ ಬರೀರಿ," ಎಂದು ರುಕ್ಮವ್ವನ ಮುಂದೆ ಪಾಟಿ ಇಟ್ಟಳು.

ರುಕ್ಮವ್ವ ಬರೆದಳು, ತಿರುವಿದಳು, ಕಳೆದಳು, ಭಾಗಿಸಿದಳು. ಸೊನ್ನೆ ಕಂಡು ಅವಳ ಮುಖ ಬಿಳಚಿತು. "ನೋಡಿದಿ? ಈ ಮನಿ ಮ್ಯಾಲೇ ಐತಿ ಆ ಶಾಪ!"

"ಯಾರ ಮನಿ ಮ್ಯಾಲೂ ಇಲ್ರಿ. ತಿರುವಿದ್ರೂ ಅಂಕಿ ಅವೇ, ಕೂಡಿದ ಮೊತ್ತಾನೂ ಅದೇ. ಹಿಂಗಾಗಿ ಒಂಬತ್ತರಿಂದ ಭಾಗಿಸಿದ್ರ ಎರಡಕ್ಕೂ ಶೇಷ ಒಂದೇ. ಒಂದರಾಗ ಒಂದು ಕಳದ್ರ ಏನ್ ಉಳಿತೈತ್ರಿ? ಯಾರು ಬರದ್ರೂ ಸೊನ್ನೀನ!"

"ಎಲ್ಲಾರಿಗೂ?"

"ಎಲ್ಲಾರಿಗೂ ರಿ."

ರುಕ್ಮವ್ವನ ಕೈಯಿಂದ ಬಳಪ ಬಿತ್ತು. "ನನ್ನ ಲಗ್ನಕ್ಕ ಮೊದಲ ಜೋತಿಷಿಯೊಬ್ಬ ನನಗೂ ಈ ಲೆಕ್ಕ ಮಾಡಿಸಿದ್ದ. ಸೊನ್ನಿ ಬಂತು. ಕೇಳದ ತಾಳಿ ಕಟ್ಟಿಸಿಕೊಂಡೆ. ವರ್ಷದೊಳಗ ಅವರು ಹೋದ್ರು. ಊರೆಲ್ಲಾ ಗಂಡನ್ನ ತಿಂದಾಕಿ ಅಂತು, ನಾನೂ ಹೌದಂದೆ..." ಗಿರಿಜಾಳ ಕೈ ಹಿಡಿದಳು. "ಹಂಗಾದ್ರ ನಾ ತಿಂದಿಲ್ಲೇನವ್ವಾ?"

"ಇಲ್ರಿ ಅವ್ವಾರ... ಇಲ್ಲ!"

ಮುದುಕಿ ಗಿರಿಜಾಳ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು.

ತೋಟದಿಂದ ಬಂದ ಮುರಗೆಪ್ಪ ಬಾಗಿಲಲ್ಲೇ ನಿಂತು ಎಲ್ಲ ಕೇಳಿದ್ದ.

"ಅವತ್ತು ನನ್ನ ಜೀವಕ್ಕ ಅಂಜಿ ಎದ್ದು ಹೋಗಲಿಲ್ರಿ. ದೊಡ್ಡವ್ವಗ ಅಂದದ್ದನ್ನ ನಾಳೆ ನಿಮಗೂ ಅಂದಾರು ಅಂತ ಅಂಜಿದೆ."

ಇವನನ್ನೇ ಪುಕ್ಕಲ ಅಂದೆನಲ್ಲ! ಗಿರಿಜಾ ತಲೆಯೆತ್ತಿ ಅವನನ್ನು ನೋಡಿದಳು.

"ಈಗ?"

"ಈಗೂ ಅಂಜಿಕಿ ಹೋಗಿಲ್ರಿ."

"ನಂದೂ ಹೋಗಿಲ್ಲ. ನಾಳೆ ಏನಾಗತೈತಿ ಅನ್ನೂದು ಗಣಿತಕ್ಕೂ ಗೊತ್ತಿಲ್ಲ." ಅವಳು ಮೆಲ್ಲಗೆ ಕೈ ಚಾಚಿದಳು. "ಇಬ್ಬರೂ ಕೂಡೇ ಅಂಜೂನು. ಬರ್ರಿ."

"ಬಂದೆ," ಎಂದು ಮುರಗೆಪ್ಪ ಹೊಸ್ತಿಲು ದಾಟಿದ.