ಬಲಗಾಲನ್ನಷ್ಟೇ ಕೇಳಿದ ಮಣೆ

ಚೈತ್ರಾ ಕಟ್ಟಿಮನಿ ಹೊಸ್ತಿಲು ದಾಟಿದಳು. ಕಾಲಡಿಯ ಅಸ್ಥಿಮಣೆ ಕೆಂಪಗೆ ಬೆಳಗಿತು. ೨೦೫೪ರ ಗದಗಿನಲ್ಲಿ ಮನೆಮನೆಗೂ ಅದೇ ಮಣೆ. ಪಾದ ಊರಿದಾಗ ಎಲುಬಿನಲ್ಲಿ ಏಳುವ ಸಣ್ಣ ಕಂಪನವನ್ನು ಆಲಿಸಿ, ಎಲುಬು ಎಷ್ಟು ಗಟ್ಟಿ, ಎಷ್ಟು ಟೊಳ್ಳು ಎಂದು ಹೇಳುವ ಯಂತ್ರ ಅದು; ಹಸಿರೆಂದರೆ ಗಟ್ಟಿ, ಕೆಂಪೆಂದರೆ ಟೊಳ್ಳು. ಅವಳಿಗೆ ಹೇಳಿ ಸುಮ್ಮನಿದ್ದರೆ ಸರಿಯಿತ್ತು. ಈ ಚಾಡಿಕೋರ ಮಣೆ ಮೊದಲು ಗಂಡನಿಗೆ ಹೇಳಿತು, ಆಮೇಲೆ ಅವಳು ಖೋ ಖೋ ಕಲಿಸುವ ಶಾಲೆಗೆ ಹೇಳಿತು. ಎಲುಬು ಸವೆಯದಂತೆ ತಡೆಯುವ ಗುಳಿಗೆ ಶುರುಮಾಡುವ ತನಕ ಮೈದಾನಕ್ಕೆ ಇಳಿಯಬೇಡಿ ಎಂದರು ಶಾಲೆಯವರು. ನಲವತ್ತಾರರ ಹೆಂಗಸನ್ನು ಒಂದು ಮಾತೂ ಕೇಳದೆ ಮುದುಕಿ ಮಾಡಿ ಕೂರಿಸಿದರು!

"ನುಂಗಿಬಿಡು, ಮುಗೀತು," ಎಂದು ಗಂಡ ವಿನಾಯಕ ಗುಳಿಗೆಯನ್ನೂ ನೀರನ್ನೂ ಮುಂದೆ ಹಿಡಿದ.

"ನನ್ನ ಬಾಯಿ ಏನು ನಿಮ್ಮ ಕಿಸೇನ್ರಿ, ಬೇಕಂದಾಗ ಬೇಕಾದ್ದು ತುರುಕಾಕ?"

ಅದೇ ಸಿಟ್ಟಿನಲ್ಲಿ ಮಣೆ ಕಂಡುಹಿಡಿದ ಡಾ. ಸ್ಫೂರ್ತಿ ದೇಸಾಯಿಗೇ ಫೋನ್ ಮಾಡಿ ಜಾಡಿಸಿದಳು. ಬೈಸಿಕೊಂಡ ವಿಜ್ಞಾನಿ ಮರುದಿನ ಧಾರವಾಡದಿಂದ ಬಂದೇಬಂದಳು.

"ಒಮ್ಮೆ ನಡದು ತೋರಸ್ರಿ."

ಚೈತ್ರಾ ಧಡಧಡ ಹೊರಗೆ ಹೋಗಿ, ಅಷ್ಟೇ ರಭಸದಿಂದ ಒಳಗೆ ನುಗ್ಗಿದಳು.

"ಅಯ್ಯ, ಎಡಗಾಲಿಟ್ಟು ಬಂದ್ಯಲ್ಲ!" ವಿನಾಯಕ ಕೂಗಿದ.

ಮಣೆ ಹಸಿರಾಗಿತ್ತು.

ಸ್ಫೂರ್ತಿಯ ಮುಖ ಪೆಚ್ಚಾಯಿತು. ಮಣೆ ಒಂದೇ ಹೆಜ್ಜೆಯಷ್ಟು ಅಗಲ. ಅದನ್ನು ಪರೀಕ್ಷಿಸಿದ ಪರದೇಶದ ಪ್ರಯೋಗಾಲಯದಲ್ಲಿ ಜನ ಒಮ್ಮೆ ಈ ಕಾಲು, ಒಮ್ಮೆ ಆ ಕಾಲು ಇಡುತ್ತಿದ್ದರು; ಮಣೆಗೆ ಎರಡರ ಲೆಕ್ಕವೂ ಸಿಗುತ್ತಿತ್ತು. ಇಲ್ಲಿ ಹೊಸ್ತಿಲು ದಾಟಲು ಬಲಗಾಲೇ ಮೊದಲು. ಚೈತ್ರಾಳ ಬಲಗಾಲೋ, ಹುಡುಗಿಯಾಗಿದ್ದಾಗ ಆಟದಲ್ಲಿ ಮುರಿದು, ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಸೊರಗಿದ್ದು. ಇದೇ ಸೀಮೆಯವಳಾದ ಸ್ಫೂರ್ತಿಗೆ ಇಷ್ಟು ಹೊಳೆಯಬೇಡವೇ? ಅವಳೂ ಈಗಷ್ಟೇ ಬಲಗಾಲಿಟ್ಟೇ ಒಳಬಂದಿದ್ದಳು!

ಎರಡೂ ಕಾಲು ಸೇರಿಸಿ ಅಳೆದಳು. ಸವೆತ ಇತ್ತು, ಆದರೆ ಈಗಷ್ಟೇ ಶುರುವಾದದ್ದು.

"ಹಂಗಾದ್ರ ಗುಳಿಗಿ ಬ್ಯಾಡ ಬಿಡ್ರಿ," ಎಂದಳು ಸ್ಫೂರ್ತಿ.

"ಈಗ ನೀವು ಶುರು ಹಚ್ಚಿದ್ರೇನು!" ಚೈತ್ರಾಳ ದನಿ ಏರಿತು. "ಒಬ್ಬರು ನುಂಗು ಅಂತೀರಿ, ಒಬ್ಬರು ಬ್ಯಾಡ ಅಂತೀರಿ. ಎಲುಬು ನಂದು. ತೊಗೊಂಡ್ರ ಏನಾಕ್ಕೈತಿ, ಬಿಟ್ರ ಏನಾಕ್ಕೈತಿ, ಕೂತು ಹೇಳ್ರಿ."

ಸ್ಫೂರ್ತಿ ಕೂತು ಹೇಳಿದಳು. ತೊಗೊಂಡರೆ ಸವೆತ ನಿಧಾನವಾಗಬಹುದು. ಹೊಟ್ಟೆಯುರಿ ಬರಬಹುದು, ಅಪರೂಪಕ್ಕೆ ದವಡೆಗೂ ತೊಂದರೆ. ಬಿಟ್ಟರೆ ಊಟ, ಆಟ ನೋಡಿಕೊಂಡು ಮತ್ತೆ ಅಳೆಯಬಹುದು. "ನಿಮ್ಮ ಮನ್ಯಾಗ ಯಾರದರ ಎಲುಬು ಮುರದಿತ್ತೇನ್ರಿ?"

ಇಷ್ಟು ದಿನದಲ್ಲಿ ಅವಳನ್ನು ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು.

"ನಮ್ಮವ್ವಂದು. ಸೊಂಟದ ಎಲುಬು ಮುರದು ಹಾಸಿಗಿ ಹಿಡದಾಕಿ ಮತ್ತ ಏಳಲಿಲ್ಲ."

ಚೈತ್ರಾ ತಾನೇ ಗುಳಿಗೆ ಎತ್ತಿ ಬಾಯಿಗೆ ಹಾಕಿಕೊಂಡಳು.

"ಇದನ್ನ ಆವಾಗ ನುಂಗಿದ್ರ ಇಷ್ಟು ರಂಪ ಇರ್ತಿರಲಿಲ್ಲಲ್ಲ!" ಎಂದ ವಿನಾಯಕ.

"ಆವಾಗ ನೀವು ನುಂಗಸಾಕತ್ತಿದ್ರಿ. ಈಗ ನಾ ತೊಗೊಂಡೀನಿ." ಸೀಟಿ ಕೊರಳಿಗೆ ಹಾಕಿಕೊಂಡು ಮೈದಾನಕ್ಕೆ ಹೊರಟಳು.

ಮುಂದೆ ಸ್ಫೂರ್ತಿ ಮಣೆಯನ್ನು ಎರಡು ಕಾಲು ಊರುವಷ್ಟು ಅಗಲ ಮಾಡಿದಳು. ಮೇಲೆ ನಿಂತವರಿಗಷ್ಟೇ ಅದು ಸುದ್ದಿ ಹೇಳುವಂತೆಯೂ ಮಾಡಿದಳು. ನಮ್ಮ ನಿಮ್ಮ ಮನೆಗೆ ಅಂಥ ಮಣೆ ಬರಲು ಇನ್ನೂ ವರ್ಷಗಳಿವೆ, ನಿಜ. ಆದರೆ ಅಂಗೈಯಲ್ಲಿ ಗುಳಿಗೆ ಇಟ್ಟು "ನುಂಗು, ಡಾಕ್ಟ್ರು ಹೇಳ್ಯಾರ" ಅನ್ನಲು ಮಣೆ ಯಾಕೆ ಬೇಕು? ನಿನ್ನೆ ನಿಮ್ಮ ಮನೆಯಲ್ಲೂ ಹೆಂಡತಿಗೋ ತಾಯಿಗೋ ಹಾಗೆ ಅಂದಿರಿ. ಆಕೆ ಏನಂದಳು, ನೆನಪಿದೆಯೇ?