ಬೀಗವಿಲ್ಲದ ಟ್ರಂಕು

ಗಂಡುಮಕ್ಕಳ ವಸತಿ ಶಾಲೆಯ ಅಂಗಳದಲ್ಲಿ ಹುಡುಗರ ಮುಂದಾಳನ್ನು ಆರಿಸಲು ಬಸಂತರಾಯ ಗುರುಗಳು ಕೊನೆಗೆ ಇಬ್ಬರನ್ನೇ ನಿಲ್ಲಿಸಿದ್ದರು. ಒಬ್ಬ ಅನಿಲಕುಮಾರ, ದೇವಣಗಾಂವದ ಮಾಸ್ತರರ ಮಗ. ಇನ್ನೊಬ್ಬ ಇಸ್ಮಾಯಿಲ, ಬಸವನ ಬಾಗೇವಾಡಿಯ ದರ್ಜಿ ಜುಲ್ಫಿಕರನ ಮಗ. ಮುಂದಾಳಿನ ಬೆತ್ತ ಅನಿಲಕುಮಾರನ ಕೈಗೆ ಹೋಯಿತು. ಇಸ್ಮಾಯಿಲ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಗೇಟಿನ ಹೊರಗೆ ನಿಂತಿದ್ದ ಜುಲ್ಫಿಕರನಿಗೆ ಆ ಚಪ್ಪಾಳೆಯೇ ಹೆಚ್ಚು ಚುಚ್ಚಿತು.

"ಹುಡುಗನ ತಲಿಯಾಗ ಇಲ್ಲದ್ದು ನೀವ್ಯಾಕ ತುಂಬ್ತೀರಿ?" ಎಂದಳು ಮನೆಯಲ್ಲಿ ಹೆಂಡತಿ ಅಬಿದಾ. "ಬೆತ್ತ ಹಿಡದ್ರ ಹೊಟ್ಟಿ ತುಂಬ್ತೈತೇನು?"

"ನಾ ಹೊಲಿದ ಅಂಗಿ ಹಾಕ್ಕೊಂಡು ಯಾರ್ಯಾರೋ ಮುಂದ ನಡೀತಾರ. ನನ್ನ ಮಗ ಹಿಂದ ನಿಂದರಬೇಕು, ಹೌದಿಲ್ಲ?"

ಜುಲ್ಫಿಕರ ಹೊಲಿಗೆಗೆ ಕೂತ. ಮಷಿನ್ ತುಳಿಯುತ್ತಲೇ ಎಲ್ಲವನ್ನೂ ಯೋಚಿಸಿದ. ಆ ಶಾಲೆಯಲ್ಲಿ ಟ್ರಂಕಿಗೆ ಬೀಗ ಹಾಕುವಂತಿಲ್ಲ. ಹಾಕಿದರೆ ಜೊತೆಗಾರರನ್ನು ಕಳ್ಳರೆಂದಂತೆ. ಊಟಕ್ಕೆ ಕೂತವನು ಎಲ್ಲರದೂ ಮುಗಿಯುವವರೆಗೆ ಏಳುವಂತಿಲ್ಲ. ಗುರುಗಳು ಕೈಗಡಿಯಾರವನ್ನು ಆಫೀಸಿನ ಮೇಜಿನ ಮೇಲೆ ಬಿಚ್ಚಿಟ್ಟೇ ಊಟಕ್ಕೆ ಹೋಗುತ್ತಾರೆ. ಸಮವಸ್ತ್ರದ ಗಂಟು ಹೊತ್ತು ಬರುವ ದರ್ಜಿಯನ್ನು ಯಾರೂ ಏನೂ ಕೇಳುವುದಿಲ್ಲ. ಶನಿವಾರ ಸಂಜೆ ಟ್ರಂಕುಗಳ ತಪಾಸಣೆ. ಕಳ್ಳತನಕ್ಕೆ ಅಲ್ಲಿ ಶಿಕ್ಷೆ ಒಂದೇ: ಟ್ರಂಕು ಹೊತ್ತು ಗೇಟು ದಾಟುವುದು. ಮುಂದಾಳು ಹೋದರೆ ಎರಡನೆಯವನೇ ಮುಂದಾಳು.

ಶನಿವಾರ ಎಲ್ಲವೂ ಹಾಗೆಯೇ ನಡೆಯಿತು. ಊಟದ ಮನೆಯಿಂದ ಹುಡುಗರ ಪ್ರಾರ್ಥನೆ ಕೇಳುತ್ತಿದ್ದಾಗ ಜುಲ್ಫಿಕರ ಮೇಜಿನ ಮೇಲಿನ ಗಡಿಯಾರ ಎತ್ತಿಕೊಂಡು ಬಂದು ಅನಿಲಕುಮಾರನ ಹೆಸರು ಬರೆದ ಟ್ರಂಕು ತೆರೆದ. ಒಳಗೆ ತಾನೇ ಹೊಲಿದ ಬಿಳಿ ಅಂಗಿಗಳು. ಎಲ್ಲ ಹುಡುಗರದೂ ಅದೇ ಬಿಳಿ, ಅದೇ ಮಡಿಕೆ. ಆ ಹುಡುಗನ ತಾಯಿ ಒಂದು ಕ್ಷಣ ನೆನಪಾದಳು. ಗಡಿಯಾರದ ಜೊತೆ ಆ ನೆನಪನ್ನೂ ಬಟ್ಟೆಯ ಕೆಳಗೆ ತಳ್ಳಿ ಮುಚ್ಚಳ ಹಾಕಿದ.

ಸಂಜೆ ಅವನು ಅಳತೆ ತೆಗೆಯುವ ನೆಪದಲ್ಲಿ ಪಡಸಾಲೆಯಲ್ಲೇ ಇದ್ದ. ಗುರುಗಳು ಆ ಟ್ರಂಕಿಗೆ ಕೈಹಾಕಿ ಗಡಿಯಾರ ಹೊರತೆಗೆದರು. ಆಮೇಲೆ ತಿರುಗಿದ್ದು ಅನಿಲಕುಮಾರನ ಕಡೆಗಲ್ಲ.

"ಇಸ್ಮಾಯಿಲಾ, ನೀ ಹಿಂಗ ಮಾಡ್ತಿ ಅಂತ ಅನಕೊಂಡಿದ್ದಿಲ್ಲೋ ತಮ್ಮಾ."

ಇಸ್ಮಾಯಿಲ ಅಪ್ಪನನ್ನು ನೋಡಿದ.

"ಗುರುಗಳ, ಅದರ ಮ್ಯಾಲ ಆ ಹುಡುಗನ ಹೆಸರೈತ್ರಿ" ಎಂದ ಜುಲ್ಫಿಕರ.

ಅನಿಲಕುಮಾರ ಅಳುತ್ತಿದ್ದ. "ಹೆಸರು ನಂದ ಐತ್ರಿ ಕಾಕಾ, ಟ್ರಂಕು ನಂದಲ್ರಿ. ಬೆತ್ತ ಸಿಕ್ಕಾಂವ ಬೆತ್ತ ಸಿಗಲಾರದಾಂವಗ ತನ್ನ ಟ್ರಂಕು ಕೊಟ್ಟು, ಅವಂದು ತಾ ತೊಗೋಬೇಕ್ರಿ. ಇನ್ನ ಮ್ಯಾಲ ಇಬ್ಬರೂ ಅಣ್ಣತಮ್ಮರು ಅಂತ. ಮೊದಲಿಂದ ನಮ್ಮ ಸಾಲಿ ಪದ್ಧತಿರಿ. ಬೆತ್ತ ಕೊಟ್ಟ ದಿನಾನ ನಾವು ಬದಲಿ ಮಾಡಕೊಂಡೇವ್ರಿ."